ವಿಭೂತಿ ಹಚ್ಚಿಕೊಂಡ ಅಮೆರಿಕದ ಅಧ್ಯಕ್ಷ

ಇಷ್ಟು ಸಣ್ಣ ವಿಷಯಕ್ಕೆ ಪೋಸ್ಟ್ ಹಾಕುತ್ತಿದ್ದೇನೆ, ಕ್ಷಮಿಸಿ. ಇವತ್ತು ಶಹಾಪುರದಲ್ಲಿ ಹತ್ತಿ ತುಂಬಿದ ಲಾರಿ ಕಂಡು ಶಾಲೆಯ ದಿನಗಳು ನೆನಪಾದವು.

ಸುರಪುರದ ಹಾಸ್ಟೆಲಿನಲ್ಲಿದ್ದಾಗ ವೇಷ ಸ್ಪರ್ಧೆಗೆ ನನ್ನನ್ನು ಅಮೆರಿಕದ ಮೊದಲ ಅಧ್ಯಕ್ಷನನ್ನಾಗಿ ಮಾಡಿದ್ದರು. ಅಡುಗೆಯ ಶಂಕ್ರಮ್ಮ ಆಯಿ ಗಂಜಿ ಹಚ್ಚಿ, ತಲೆಗೆ ಹತ್ತಿಯ ಬಿಳಿಗೂದಲು ಅಂಟಿಸಿದಳು. “ಬರೇ ಹಣಿಲೆ ಹೋಗಬಾರದವ್ವಾ,” ಎಂದು ಮೂರು ಬೆರಳು ವಿಭೂತಿಯನ್ನೂ ಎಳೆದಳು.

ಅವಳಿಗೆ ಭಾಷಣ ಒಪ್ಪಿಸಿದೆ: ಯುದ್ಧ ಗೆದ್ದ, ದೇಶ ಆಳಿದ, ತಾನಾಗಿಯೇ ಕುರ್ಚಿ ಬಿಟ್ಟು ಹೊಲಕ್ಕೆ ಮರಳಿದ.

“ಹೊಲದಾಗ ದುಡಿಯೋರು ಯಾರು?”

“ಗುಲಾಮರು ಆಯಿ. ಅವರನ್ನ ಬಿಡ್ರಿ ಅಂತ ಮೃತ್ಯುಪತ್ರದಾಗ ಬರದಿಟ್ಟಿದ್ನಂತ.”

“ಜೀವ ಇದ್ದಾಗ ಯಾಕ ಬಿಡಲಿಲ್ಲ? ನಮ್ಮಪ್ಪನೂ ಜೀತಕ್ಕಿದ್ದ. ಇದನ್ನೂ ಹೇಳು.”

ವೇದಿಕೆಯಲ್ಲಿ ನನ್ನ ವಿಭೂತಿ ನೋಡಿ ಎಲ್ಲರೂ ನಕ್ಕರು. ಹೆದರಿ ಆ ಮಾತು ನುಂಗಿಬಿಟ್ಟೆ. ಬಹುಮಾನ ಬಂತು. ಬಾಗಿಲಲ್ಲಿ ನಿಂತಿದ್ದ ಆಯಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ನಾಳೆ ಕಾಲೇಜಿನಲ್ಲಿ ಅದೇ ಅಧ್ಯಕ್ಷನ ಬಗ್ಗೆ ನನ್ನ ಮೊದಲ ಸೆಮಿನಾರ್. “ಸಾಧನೆ ಅಷ್ಟೇ ಹೇಳಮ್ಮ,” ಎಂದಿದ್ದಾರೆ ಸರ್. ಆಯಿಯ ಪ್ರಶ್ನೆಯನ್ನು ಕೊನೆಯಲ್ಲಿ ಬರೆದುಕೊಂಡಿದ್ದೇನೆ. ಕೇಳಲೋ, ಮತ್ತೆ ನುಂಗಲೋ? ದಯವಿಟ್ಟು ಬೇಗ ಉತ್ತರಿಸಿ, ಬೆಳಿಗ್ಗೆ ಮೊದಲ ಸರದಿ ನನ್ನದೇ.