ಕರಾವಿನ ಮಾದಣ್ಣ

ಮಾದಣ್ಣ ಬೈಯದೆ ಬಿಟ್ಟದ್ದು ಹಸುಗಳನ್ನು ಮಾತ್ರ. ಬೆಟ್ಟದೂರು ವೆಲ್ಲಿಂಗ್ಟನ್ನಿನ ಸೋಲ್ಜರರ ದಂಡಿಗೆ ಹಾಲು ಕೊಡುವ ಡೈರಿ ನಮ್ಮಣ್ಣನದು. ಹಾಲು ಕರೆಯುವವನು ಕೆತ್ತಿ ಎಂಬ ಊರಿನ ಕಡೆಯವನು, ಆ ಬೆಟ್ಟದ ಬಡಗರ ಜನದ ಈ ಮಾದಣ್ಣ. ಜಿಡ್ಡಿನ ಕ್ಯಾನು ತಂದ ಸೋಲ್ಜರನಿಗೂ ಬೈಗುಳ ತಪ್ಪುತ್ತಿರಲಿಲ್ಲ. ಒಮ್ಮೆ ಅಣ್ಣನ ಕೈಯನ್ನೇ ತಳ್ಳಿಬಿಟ್ಟಿದ್ದ. "ಕೈ ತೊಳೆಯದೆ ಕೆಚ್ಚಲು ಮುಟ್ಟಬೇಡ! ನೀ ಸಾಹುಕಾರ ಆದರೆ ಅದು ಅಂಗಡಿಗ, ಈ ಕೊಟ್ಟಿಗೆಗ ಅಲ್ಲ." ಅಣ್ಣ ನಕ್ಕಿದ್ದ. ಆಗಿನ್ನೂ ಅವನಿಗೆ ನಗು ಬರುತ್ತಿತ್ತು.

ಡೈರಿ ಮಾರಿ ಮೈಸೂರಿಗೆ ಹೋಗಬೇಕೆಂಬ ಹುಚ್ಚು ಹತ್ತಿದ ಮೇಲೆ ಅಣ್ಣ ಬೇರೆಯೇ ಮನುಷ್ಯನಾದ. ಕೊಯಮತ್ತೂರಿನ ಚೆಟ್ಟಿಯಾರರೊಬ್ಬರು ನೋಡಲು ಬರುವವರಿದ್ದರು. ಗೋಡೆಗೆ ಸುಣ್ಣ ಬಳಿದದ್ದಾಯಿತು, ಕೊಂಬಿಗೆ ಎಣ್ಣೆ ಸವರಿದ್ದಾಯಿತು. ಹಿಂಡು ದೊಡ್ಡದಾಗಿ ಕಾಣಲಿ ಎಂದು ಪರಿಚಯದವರ ನಾಲ್ಕು ಹಸುಗಳನ್ನು ಎರವಲು ತಂದು ಕಟ್ಟಿದವನು ನಾನೇ. ಕೊನೆಗೆ ಅಣ್ಣ, ಕೆಚ್ಚಲು ತುಂಬಿ ತೂಗಾಡಬೇಕು, ಸಂಜೆ ಕರೆಯುವುದೇ ಬೇಡ ಎಂದ. "ಬೇರೆ ಆಳು ಕರೆಯುತ್ತಾನೆ, ಹೋಗಿ ಬಾ" ಎಂದು ಸುಳ್ಳು ಹೇಳಿ ಮಾದಣ್ಣನನ್ನು ಅವನ ಊರಿನ ಹಟ್ಟಿಗೆ ಕಳಿಸಿದ. ಕೊಟ್ಟಿಗೆಗೆ ಬೀಗ ಹಾಕಿದವನೂ ನಾನೇ. ಇಷ್ಟು ವರ್ಷವಾದರೂ ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಮೈಯೆಲ್ಲ ಉರಿಯುತ್ತದೆ.

ಬೆಳಿಗ್ಗೆ ಚೆಟ್ಟಿಯಾರರು ಗಾಡಿಯಿಂದ ಇಳಿಯುವಷ್ಟರಲ್ಲಿ ಮಾದಣ್ಣ ಹಟ್ಟಿಯಿಂದ ಬಂದು, ಕಲ್ಲಿನಿಂದ ಬೀಗ ಒಡೆದು, ಕರೆಯಲು ಕೂತಿದ್ದ. ಹೊಸದಾಗಿ ಕರು ಹಾಕಿದ್ದ ಗೌರಿಯ ಕೆಚ್ಚಲು ಕಲ್ಲಾಗಿತ್ತು. ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಹಿಂಡಿದರೆ ಬಂದದ್ದು ರಕ್ತ ಬೆರೆತ ಹಾಲು.

ಅವನ ಕೈಯನ್ನೇ ನೋಡುತ್ತ ನಿಂತ ಚೆಟ್ಟಿಯಾರರು, "ಈತ ಇಲ್ಲೇ ಇರುವುದಾದರೆ ನೀವು ಹೇಳಿದ ಬೆಲೆಗೆ ಒಪ್ಪಿದೆ" ಎಂದರು.

"ಇರುತ್ತಾನೆ, ಎಲ್ಲಿಗೆ ಹೋಗ್ತಾನೆ?" ಎಂದ ಅಣ್ಣ.

ಮಾದಣ್ಣ ಎದ್ದು ಕೈ ತೊಳೆದುಕೊಂಡ. "ಆ ನಾಕು ಹಸು ಇವರದು ಅಲ್ಲ. ನಾನೂ ಇವರವ ಅಲ್ಲ" ಎಂದು ಚೆಟ್ಟಿಯಾರರಿಗೆ ಹೇಳಿ ಹೊರಟೇಹೋದ. ಅವರೂ ಗಾಡಿ ಹತ್ತಿದರು.

ಹೇಗಾದರೂ ಮಾಡಿ ಅವನನ್ನು ಕರೆತಾ ಎಂದು ಅಣ್ಣ ಮೂರನೆಯ ದಿನ ನನ್ನನ್ನು ಅಟ್ಟಿದ. ಮಾದಣ್ಣ ಆಲೂಗಡ್ಡೆ ಹೊಲ ಅಗೆಯುತ್ತಿದ್ದ. ಕೂರು ಎನ್ನಲಿಲ್ಲ.

"ಗೌರಿಗ ಏನಾತು?"

"ಎರಡು ಮೊಲೆ ಬತ್ತಿಹೋಯಿತು."

ಗುದ್ದಲಿ ನಿಂತಿತು. "ಆ ರಾತ್ರಿ ಹಸುವೆಲ್ಲ ಅರಚುವಾಗ ನೀ ಎಲ್ಲಿ ಇದ್ದೆ?"

"ಕೊಟ್ಟಿಗೆಯ ಪಕ್ಕದ ಕೋಣೆಯಲ್ಲೇ."

"ಕೇಳಿತಾ?"

ಸಂಬಳ ಹೆಚ್ಚಿಸುತ್ತೇವೆ ಎಂದು ಹೇಳಲು ಹೋಗಿದ್ದೆ. ಬಾಯಿಗೆ ಬಂದದ್ದು ಒಂದೇ ಮಾತು.

"ಕೇಳಿತು, ಮಾದಣ್ಣ."