ಅವ್ವನ ಕರೆಂಟು, ಹುಬ್ಬಳ್ಳಿ ಬಸ್ಸು

ಬಸ್ಸು ಹತ್ತುವ ದಿನ ಅವ್ವ ಬೆಳಗಿನಿಂದ ಹನಿ ನೀರು ಕುಡಿಯುತ್ತಿರಲಿಲ್ಲ. ಯಲಬುರ್ಗಾ ಸೀಮೆಯ ನಮ್ಮ ಹೆಂಗಸರೆಲ್ಲ ಹಾಗೆಯೇ. ದಾರಿಯಲ್ಲಿ ಪಾಯಖಾನೆ ಸಿಕ್ಕರೆ ಒಂದೋ ಬೀಗ, ಇಲ್ಲವೋ ಕಾಲಿಡಲಾಗದ ಹೊಲಸು. ಗಂಡಸರಿಗೇನು, ಒಂದು ಗೋಡೆ ಸಾಕು. ನಾವು ಬಾಯಿ ಒಣಗಿಸಿಕೊಂಡೇ ಊರು ಸೇರಬೇಕು.

ಅವ್ವನಿಗೆ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಂತು. ಐದು ವಾರ ಹುಬ್ಬಳ್ಳಿಯಲ್ಲಿ ಕರೆಂಟ್ ಕೊಡಿಸಬೇಕು ಎಂದರು ಡಾಕ್ಟರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಇರುವ ಹೆಸರು ಅದೇ. ಅಲ್ಲೇ ಖೋಲಿ ಹಿಡಿಯೋಣ ಎಂದು ನಾನು ರಜೆ ಹಾಕಿ ಬಂದರೆ, "ಎಮ್ಮಿ ಬ್ಯಾರೆಯವ್ರಿಗೆ ಹಾಲು ಬಿಡಂಗಿಲ್ಲ, ದಿನಾ ಹೋಗಿ ಬರೂಣು" ಎಂದು ಹಟ ಹಿಡಿದಳು.

ಕರೆಂಟ್ ಕೊಡುವ ಆ ಮಿಷನ್ ಭಾಳ ಶಾಣ್ಯಾ. ದಿನವೂ ಮೊದಲು ಹೊಟ್ಟೆಯೊಳಗಿನ ಚಿತ್ರ ತೆಗೆಯುತ್ತದೆ. ಅಂಗ ಚೂರು ಸರಿದಿದ್ದರೂ ಗುರಿ ತಿದ್ದಿಕೊಂಡ ಮೇಲೆಯೇ ಕಿರಣ. ಆದರೆ ಮೂತ್ರದ ಚೀಲ ತುಂಬಿರಬೇಕು. ತುಂಬಿದರೆ ಕರುಳು ಪಕ್ಕಕ್ಕೆ ಸರಿದು ಸುಡುವುದು ತಪ್ಪುತ್ತದೆ. ಮೊದಲ ದಿನವೇ ಮಿಷನ್ ನಡೆಸುವಾತ ಹೊರಗೆ ಬಂದು, "ಚೀಲ ಪೂರಾ ಖಾಲಿ ಐತ್ರಿ. ನೀರು ಕುಡಿಸಿಲ್ಲೇನ್ರಿ?" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ನಾನು ಕೊಟ್ಟ ಬಾಟಲಿ ನೀರನ್ನು ಅವ್ವ ಕುಂಡದ ಗಿಡಕ್ಕೆ ಸುರಿದಿದ್ದಳು.

"ಕುಡುದು ಬಸ್ಸಿನ್ಯಾಗ ಎಲ್ಲಿ ಹೋಗ್ಲಿ, ನಿನ್ನ ತಲಿ ಮ್ಯಾಲ?"

"ಇಲ್ಲೇ ಕುಡಿ ಯವ್ವ, ಕರೆಂಟ್ ಮುಗುದ ಮ್ಯಾಲೆ ಇಲ್ಲೇ ಹೋಗಿ ಬಾ. ಪಾಯಖಾನಿ ಛಲೋ ಐತಿ."

ಅಂತೂ ಕುಡಿದಳು. ಎರಡು ವಾರ ಸುಸೂತ್ರವಾಗಿ ನಡೆಯಿತು. ಮೂರನೆಯ ವಾರ ಕರೆಂಟಿನ ಕಾವಿಗೆ ಉರಿಮೂತ್ರ ಶುರುವಾಯಿತು. ಆಸ್ಪತ್ರೆಯಲ್ಲಿ ಹೋಗಿ ಬಂದರೂ ಅರ್ಧ ತಾಸಿಗೆ ಮತ್ತೆ ಅವಸರ. ಡಾಕ್ಟರು ಮಾತ್ರೆ ಕೊಟ್ಟು, ನಡುವೆ ಮಾತ್ರ ಬಿಡಬೇಡಿ, ಬಿಟ್ಟರೆ ಗಡ್ಡೆ ಮತ್ತೆ ಬೆಳೆಯುತ್ತದೆ ಎಂದರು.

ಆ ವಾರ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ, ಊರಿಗೆ ಮರಳುವಾಗ ಗದಗ ದಾಟಿದ ಮೇಲೆ, ಅವ್ವ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು. ಬಸ್ಸು ನಿಲ್ಲಿಸಿ ಎಂದು ಕಂಡಕ್ಟರನನ್ನು ಕೇಳಿಕೊಂಡೆ. "ಎಲ್ಲಂದ್ರಲ್ಲಿ ನಿಲ್ಸಾಕ ಬರಂಗಿಲ್ರಿ. ಕುಕನೂರು ಬರ್ಲಿ, ತಡೀರಿ" ಎಂದ. ತಡೆಯಲಾಗಲಿಲ್ಲ. ಸೀರೆ ತೊಯ್ದು ಸೀಟಿನಿಂದ ಕೆಳಗೆ ಹರಿಯಿತು. ಮುಂದೆ ಕುಳಿತಿದ್ದವನು ತನ್ನ ಗಂಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಹಿಂದೆ ಯಾವನೋ ಕಿಸಕ್ಕನೆ ನಕ್ಕ. ಅವನ ಬಾಯಿಗೆ ಹುಳ ಬೀಳಲಿ ಎಂದು ಇವತ್ತಿಗೂ ಶಪಿಸುತ್ತೇನೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದವರಿಗೆ, ಹೆಂಗಸರಿಗೂ ಮೂತ್ರ ಬರುತ್ತದೆ ಎಂಬುದೊಂದು ಹೊಳೆಯಲಿಲ್ಲ.

ಮರುದಿನ ಅವ್ವ ಹೊರಡಲಿಲ್ಲ. ಬೈದೆ, ಕಾಲು ಹಿಡಿದೆ, ಬಾಡಿಗೆ ಕಾರು ತಂದು ಬಾಗಿಲಿಗೆ ನಿಲ್ಲಿಸಿದೆ.

"ದವಾಖಾನಿಯವ್ರು ಹೊಟ್ಟಿ ಒಳಗಿಂದೆಲ್ಲ ನೋಡಿದ್ರು, ಸುಮ್ನ ಮಲಗಿದ್ನಿ. ಬಸ್ಸಿನ ಮಂದಿ ನೋಡಿದ್ದು ನನ್ನ ಕೈಲೆ ತಡ್ಕೊಳ್ಳಾಕ ಆಗವಲ್ದು" ಎಂದಳು. ಕಾರು ಖಾಲಿ ಹೋಯಿತು.

ವರ್ಷದೊಳಗೆ ನೋವು ಹೆಚ್ಚಾಗಿ, ಅವಳೇ ಕರೆದುಕೊಂಡು ಹೋಗು ಎಂದಳು. ಹೊಸ ಚಿತ್ರ ನೋಡಿದ ಡಾಕ್ಟರಿಗೆ ಸಿಟ್ಟು ಬಂತು.

"ಇನ್ನ ನೋವಿನ ಗುಳಿಗಿ ಬಿಟ್ರ ನನ್ನ ಹತ್ರ ಏನೂ ಇಲ್ಲ. ಎರಡು ವಾರ ಉಳಿದಿತ್ತಲ್ಲ, ಯಾಕ ಬಿಟ್ರಿ?"

ಅವ್ವ ಸೆರಗು ಎಳೆದುಕೊಂಡಳು. "ಬಸ್ ಸಿಗಲಿಲ್ರಿ ಸಾಹೇಬ್ರ."

ಡಾಕ್ಟರು ನನ್ನತ್ತ ತಿರುಗಿದರು.

"ಹೌದ್ರಿ," ಎಂದೆ, "ನಮ್ಮೂರಿಗೆ ಬಸ್ ಭಾಳ ಕಮ್ಮಿ."