ಅಕ್ಕ ಬಿಡಿಸಿದ ಕಾಯಿಲ್ ಲೆಕ್ಕ

ನಾವು ಹತ್ತನೇ ತರಗತಿಯಲ್ಲಿದ್ದ ಆ ಮಳೆಗಾಲದಲ್ಲಿ ನಮ್ಮ ಮನೆಯೆಂದರೆ ನಿಟ್ಟೆಯ ಹತ್ತಿರ ಕಟ್ಟುತ್ತಿದ್ದ ಖಾಸಗಿ ಹಾಸ್ಟೆಲೊಂದರ ಹಿಂದಿನ ತಗಡಿನ ಶೆಡ್ಡು. ಒದ್ದೆ ಸಿಮೆಂಟು, ಗೋಣಿಚೀಲ, ಅಕ್ಕ ಬಡಿಯುತ್ತಿದ್ದ ಜೋಳದ ರೊಟ್ಟಿ ಎಲ್ಲದರ ವಾಸನೆಯೂ ಅಲ್ಲಿ ಒಂದಾಗಿತ್ತು. ಅಪ್ಪನ ಕಟ್ಟಡದ ಕೆಲಸಕ್ಕಾಗಿ ಬಾಗಲಕೋಟೆ ಕಡೆಯಿಂದ ಬಂದ ನಮ್ಮಿಬ್ಬರನ್ನೂ, ಅಕ್ಕ ರೇಣವ್ವನನ್ನೂ ನನ್ನನ್ನೂ, ಒಂದೇ ತರಗತಿಗೆ ಹಾಕಿದ್ದರು. ಮರಳಿನ ರಾಶಿಯಿಂದ ಜಿಗಿಯುವ ಆಟದಲ್ಲಿ ನಾನು ಮುಂದು, ಲೆಕ್ಕದಲ್ಲಿ ಅಕ್ಕ.

"ವೋಲ್ಟನ್ನ ಆಂಪಿಯರಿನಿಂದ ಭಾಗಿಸಿದ್ರ ರೋಧ, ಗುಣಿಸಿದ್ರ ವ್ಯಾಟು. ಇಷ್ಟ ಐತಿ, ಹೆದರಬ್ಯಾಡ" ಎಂದು ಇಟ್ಟಿಗೆ ಚೂರಿನಿಂದ ತಗಡಿನ ಮೇಲೆ ಬರೆದು ಕಲಿಸಿದಳು. ವಿಜ್ಞಾನದ ಮಾಸ್ಟ್ರು ವಾರವೆಲ್ಲ ಹೇಳಿದರೂ ನನ್ನ ತಲೆಗೆ ಹತ್ತದ್ದು ಹಾಗೆ ಹತ್ತಿತು.

ಒಂದು ದಿನ ಮಾಸ್ಟ್ರು, ಮನೆಯ ಯಾವುದಾದರೂ ವಿದ್ಯುತ್ ಸಾಮಾನಿನ ಮೇಲಿರುವ ವೋಲ್ಟ್, ವ್ಯಾಟ್ ನೋಡಿಕೊಂಡು ಅದರ ಕರೆಂಟನ್ನೂ ರೋಧವನ್ನೂ ಲೆಕ್ಕ ಹಾಕಿ ತರಲು ಹೇಳಿದರು. "ಬಲ್ಬು ಬೇಡ, ಅದು ಎಲ್ಲರ ಮನೆಯಲ್ಲೂ ಉಂಟು."

ನಮ್ಮಲ್ಲಿ ಬಲ್ಬು ಬಿಟ್ಟರೆ ಇದ್ದದ್ದು ನೀರು ಕಾಯಿಸುವ ಕಾಯಿಲ್ ಒಂದೇ. ಅವ್ವ ಹೆತ್ತು ಇನ್ನೂ ತಿಂಗಳಾಗಿರಲಿಲ್ಲ. ಗುತ್ತಿಗೆದಾರರು ಶೆಡ್ಡಿಗೆ ಒಂದು ಬಲ್ಬಿಗಷ್ಟೇ ಒಪ್ಪಿದ್ದರಿಂದ, ಕೂಸಿನ ಸ್ನಾನಕ್ಕೆಂದು ತಂದ ಆ ಕಾಯಿಲನ್ನು ಅಪ್ಪ ಕದ್ದುಮುಚ್ಚಿ ಹಚ್ಚುತ್ತಿದ್ದ.

ತರಗತಿಯಲ್ಲಿ ಅಕ್ಕ ಎದ್ದು ನಿಂತಳು. "ನೀರಿನ ಕಾಯಿಲ್ ಸರ್. ಇನ್ನೂರಮೂವತ್ತು ವೋಲ್ಟ್, ಸಾವಿರದೈನೂರು ವ್ಯಾಟ್. ಕರೆಂಟು ಸುಮಾರು ಆರೂವರೆ ಆಂಪಿಯರ್, ರೋಧ ಮೂವತ್ತೈದು ಓಮ್."

"ಸರಿ ಉಂಟು" ಎಂದರು ಮಾಸ್ಟ್ರು. ಆಮೇಲೆ ನಕ್ಕರು. "ಎಂತ ಮಾರಾಯ್ತಿ, ಶೆಡ್ಡಿನಲ್ಲಿ ಆರೂವರೆ ಆಂಪಿಯರಾ? ಯಾರ ವಯರಿನಿಂದ ಕದ್ದದ್ದು?"

ತರಗತಿ ಗೊಳ್ಳೆಂದಿತು. ಅಕ್ಕ ಕೂರಲು ಹೋದಳು.

"ಕೂರಬೇಡ. ಬೋರ್ಡಿನಲ್ಲಿ ಬರಿ. ಕದ್ದ ಕರೆಂಟಿನ ಲೆಕ್ಕ ಹೇಗೆಂದು ಇವರೂ ಕಲಿಯಲಿ."

ಅವಳು ಬರೆದಳು. ಒಂದು ಅಂಕಿಯೂ ತಪ್ಪಲಿಲ್ಲ.

ಸಂಜೆ ಗುತ್ತಿಗೆದಾರರ ಮೇಸ್ತ್ರಿ ಬಂದು ಕಾಯಿಲನ್ನು ಎತ್ತಿಕೊಂಡ. ಬಲ್ಬಿನ ವಯರನ್ನೂ ಕತ್ತರಿಸಿದ. "ನಿಮ್ಮ ಮಗಳೇ ಶಾಲೆಯಲ್ಲಿ ಹೇಳಿದ್ದಂತೆ. ಮಾಸ್ಟ್ರು ನಮ್ಮ ಧಣಿಗೆ ಪರಿಚಯದವರು ಅಲ್ವಾ?"

ಅಪ್ಪ ಹೊಡೆಯಲಿಲ್ಲ. "ನಾಳಿಂದ ನೀ ಸಾಲಿಗಿ ಹೋಗಬ್ಯಾಡ. ನನ್ನ ಕೂಡ ಬುಟ್ಟಿ ಹೊರು" ಎಂದ.

"ಲೆಕ್ಕ ತಪ್ಪಿರಲಿಲ್ಲಪ್ಪಾ."

"ತಪ್ಪಿದ್ರ ಚಲೋ ಇತ್ತು."

ಅವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಮರುದಿನ ಹಾಜರಿಯಲ್ಲಿ ಅಕ್ಕನ ಹೆಸರು ಬಂದಾಗ ಮಾಸ್ಟ್ರು ನನ್ನನ್ನು ನೋಡಿ ಕೇಳಿದರು: "ಎಂತ, ಅಕ್ಕನ ಫ್ಯೂಸ್ ಹೋಯಿತಾ?" ಮತ್ತೆ ಎಲ್ಲರೂ ನಕ್ಕರು. ಆ ವರ್ಷದ ಪರೀಕ್ಷೆಯನ್ನು ನಾನೊಬ್ಬಳೇ ಬರೆದೆ, ಪಾಸೂ ಆದೆ.

ಈಗ ನಾನು ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದೇನೆ. ಅಕ್ಕ ಬಜಗೋಳಿಯಲ್ಲಿದ್ದಾಳೆ, ಇಂದಿಗೂ ಕಟ್ಟಡದ ಕೆಲಸಕ್ಕೇ ಹೋಗುತ್ತಾಳೆ. ಹೋದ ತಿಂಗಳು ಅವಳಿಗೊಂದು ಮಿಕ್ಸಿ ಕೊಳ್ಳಲು ಇಬ್ಬರೂ ಕಾರ್ಕಳಕ್ಕೆ ಹೋಗಿದ್ದೆವು. ಅಂಗಡಿಯವರು, "ಇದು ಏಳುನೂರೈವತ್ತು ವ್ಯಾಟ್ ಉಂಟು ಅಕ್ಕಾ, ನಿಮ್ಮ ಮನೆಯ ವಯರಿಂಗ್ ತಡೆಯುತ್ತದಾ?" ಎಂದು ಅವಳನ್ನು ಕೇಳಿದರು.

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು.

"ಅದೆಲ್ಲಾ ನನಗ ತಿಳಿಯಂಗಿಲ್ರೀ" ಎಂದಳು. "ನನ್ನ ತಂಗೀನ ಕೇಳ್ರಿ, ಆಕಿ ಓದ್ಯಾಳ."